ಬರ ಬಿದ್ದ ವರ್ಷ ಹುಟ್ಟಿದವರು

"ವಯಸ್ಸೆಷ್ಟು ಅಜ್ಜಿ?"

"ನಿಮಗ ತಿಳಿದಷ್ಟು ಬರ್ಕೋರಿ ಅಕ್ಕೋರ."

2011ರ ಫೆಬ್ರವರಿ. ಬೆಟಗೇರಿಯ ಒಂದು ಓಣಿ. ಎರಡು ಮನೆಗೊಂದರಂತೆ ಮಗ್ಗದ ಸದ್ದು. ನನ್ನ ಹೆಗಲಿಗೆ ಜನಗಣತಿಯ ಚೀಲ, ಕೈಯಲ್ಲಿ ಫಾರಂ. ಫಾರಂ ಮಡಚಬಾರದು, ನೀರು ತಾಗಬಾರದು, ಅಂಕಿ ಚೌಕದ ಗೆರೆ ದಾಟಬಾರದು ಎಂದು ತರಬೇತಿಯಲ್ಲಿ ಮೂರು ಸಲ ಹೇಳಿ ಕಳಿಸಿದ್ದರು. ವಯಸ್ಸಿನ ಚೌಕದಲ್ಲಿ "ತಿಳಿದಷ್ಟು" ಎಂದು ಬರೆಯಲು ಮಾತ್ರ ಜಾಗ ಇರಲಿಲ್ಲ.

ಒಳಗಿನಿಂದ ಸೊಸೆ ಕೂಗಿದಳು: "ಎಪ್ಪತ್ತೈದು ಬರೀರಿ, ಪಿಂಚಣಿಗೆ ಅದನ್ನ ಕೊಟ್ಟೇವಿ." ರೇಷನ್ ಕಾರ್ಡಿನಲ್ಲಿ 66 ಇತ್ತು. ಅಜ್ಜಿಗೆ ಎರಡೂ ಸರಿ.

ಇಂಥ ಹೊತ್ತಿಗೆಂದೇ ತರಬೇತಿಯಲ್ಲಿ ಒಂದು ಉಪಾಯ ಹೇಳಿಕೊಟ್ಟಿದ್ದರು. ವಯಸ್ಸು ಕೇಳಬೇಡಿ, ಘಟನೆ ಕೇಳಿ. ಹಾಗೇ ಮಾಡಿದೆ. "ದೊಡ್ಡ ಬರ ಬಿದ್ದಾಗ ನೀವು ಎಷ್ಟು ದೊಡ್ಡವರಿದ್ರಿ?" ದೊಡ್ಡ ಬರ ಅಂದರೆ 1972ರದ್ದು. ಅಜ್ಜಿಗೆ ಅದು ನಿನ್ನೆ ಮೊನ್ನೆಯ ಹಾಗೆ ನೆನಪಿತ್ತು. "ಆಗ ಸಣ್ಣ ಮಗ ಹೊಟ್ಟ್ಯಾಗಿದ್ದ. ಅವನ ಮ್ಯಾಲೆ ಮೂರು ಇದ್ದವು. ಕೆರಿ ಮಣ್ಣು ಹೊರಾಕ ಹೋಗತಿದ್ದೆ ನೋಡ್ರಿ, ಬಸರಿ ಇದ್ದಾಗ." ಮದುವೆ ಆದಾಗ ಹದಿನೈದು ಇರಬಹುದು, ಮೂರು ಮಕ್ಕಳು, ಮೇಲೊಂದು. ಬೆರಳು ಮಡಚಿ ಲೆಕ್ಕ ಹಾಕಿದೆ. 70 ಎಂದು ಬರೆದೆ.

ಸಂಜೆ ಮನೆಗೆ ಬಂದು ಫಾರಂ ತಿರುವಿ ಹಾಕಿದಾಗ ನಗು ಬಂತು. ಆ ಓಣಿಯ ಹಿರಿಯರಿಗೆಲ್ಲ 60, 65, 70, 75, 80. ಅರವತ್ತಮೂರು ಯಾರಿಗೂ ಆಗಿಲ್ಲ. ಮಕ್ಕಳ ವಯಸ್ಸು ಮಾತ್ರ ಚೊಕ್ಕ: 4, 7, 11. ಶಾಲೆಗೆ ಹೋಗುವ ಹುಡುಗರಿಗೆ ಹುಟ್ಟಿದ ತಾರೀಖೇ ಗೊತ್ತು. ಊರಿನ ವಯಸ್ಸಿನ ಪಟ್ಟಿ ಕೆಳಗೆ ಸ್ಪಷ್ಟ, ಮೇಲಕ್ಕೆ ಹೋದಂತೆ ಮಂಜು.

ನಾನು ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಮಂಜಿನ ವಿಷಯ ನಾಲ್ಕು ವರ್ಷ ಮರೆತೇ ಹೋಗಿತ್ತು. 2015ರ ಜನವರಿಯಲ್ಲಿ ಹಬಲ್ ದೂರದರ್ಶಕ ತೆಗೆದ ಆಂಡ್ರೊಮಿಡಾ ಗ್ಯಾಲಕ್ಸಿಯ ಒಂದು ಚಿತ್ರ ಬಿಡುಗಡೆಯಾಯಿತು. 150 ಕೋಟಿ ಪಿಕ್ಸೆಲ್‌ನ ಚಿತ್ರ. ಶಾಲೆಯ ಕಂಪ್ಯೂಟರ್‌ನಲ್ಲಿ ಅದನ್ನು ದೊಡ್ಡದು ಮಾಡುತ್ತಾ ಹೋದೆ. ಮೊದಲು ಹೊಗೆಯ ಹಾಗೆ ಕಂಡಿದ್ದು ಆಮೇಲೆ ರವೆ ಚೆಲ್ಲಿದ ಹಾಗೆ ಆಯಿತು. ಇನ್ನೂ ದೊಡ್ಡದು ಮಾಡಿದರೆ ಒಂದೊಂದು ಕಾಳೂ ಬೇರೆ ಬೇರೆ. ಪ್ರತಿಯೊಂದೂ ಒಂದು ನಕ್ಷತ್ರ, ನಮ್ಮ ಆಕಾಶಗಂಗೆಯದ್ದಲ್ಲ, 25 ಲಕ್ಷ ಜ್ಯೋತಿರ್ವರ್ಷ ದೂರದ ಇನ್ನೊಂದು ಊರಿನದ್ದು. ಹಾಗೆ ಖಗೋಳದವರು ಎಣಿಸಿದ್ದು 11 ಕೋಟಿ 70 ಲಕ್ಷ ನಕ್ಷತ್ರ. ಎಣಿಸಿ ಸುಮ್ಮನಾಗಲಿಲ್ಲ. ಒಂದೊಂದರ ಬಣ್ಣ, ಹೊಳಪು ಬರೆದುಕೊಂಡರು. ಯಾಕೆ ಅಂದರೆ ವಯಸ್ಸು ತಿಳಿಯಬೇಕಿತ್ತು.

ಇದು ಗಣತಿಯಲ್ಲದೆ ಇನ್ನೇನು?

ಗ್ಯಾಲಕ್ಸಿ ಬೆಳೆಯೋದನ್ನು ಕೂತು ನೋಡಲು ಆಗೋದಿಲ್ಲ. ನಮ್ಮ ಸೂರ್ಯ ಆಕಾಶಗಂಗೆಯನ್ನು ಒಂದು ಸುತ್ತು ಹಾಕಲು 20 ಕೋಟಿ ವರ್ಷಕ್ಕೂ ಜಾಸ್ತಿ ಬೇಕು. ಮನುಷ್ಯ ಅನ್ನುವ ಪ್ರಾಣಿ ಬಂದ ಮೇಲೆ ಆ ಸುತ್ತಿನಲ್ಲಿ ಒಂದು ಗೇಣೂ ಮುಗಿದಿಲ್ಲ. ಹಾಗಾದರೆ ಇದು ಯಾವಾಗ ಕಟ್ಟಿಕೊಂಡಿತು, ಹೇಗೆ ಕಟ್ಟಿಕೊಂಡಿತು ಎಂದು ತಿಳಿಯುವುದು ಹೇಗೆ? ದಾರಿ ಎರಡಿವೆ. ಒಂದು, ತೀರಾ ದೂರ ನೋಡುವುದು. ಬೆಳಕು ಬರಲು ಹೊತ್ತು ಹಿಡಿಯುವುದರಿಂದ ದೂರದ್ದು ಹಳೆಯದಾಗಿಯೇ ಕಾಣುತ್ತದೆ. ಪತ್ರಿಕೆಯಲ್ಲಿ ಬರುವ ಸುದ್ದಿ ಇದೇ: "ಅತಿ ದೂರದ ಗ್ಯಾಲಕ್ಸಿ ಪತ್ತೆ." ಎರಡನೆಯದು, ಪಕ್ಕದ ಮನೆಗೆ ಹೋಗಿ ಬಾಗಿಲು ಬಡಿದು ಯಾರು ಯಾರಿದ್ದೀರಿ ಎಂದು ಕೇಳುವುದು. ಇದು ಸುದ್ದಿಯಾಗೋದು ಕಡಿಮೆ. ನನಗೆ ಇದು ಸ್ವಲ್ಪ ಅನ್ಯಾಯ ಅನಿಸುತ್ತದೆ. ದೂರದ್ದನ್ನು ನೋಡೋದು ಬೇರೆ ಯಾರದೋ ಮಕ್ಕಳ ಫೋಟೊ ನೋಡಿದ ಹಾಗೆ. ಆ ಕೂಸು ಬೆಳೆದು ಯಾರಾಯಿತು ಎಂದು ಫೋಟೊ ಹೇಳೋದಿಲ್ಲ. ಪಕ್ಕದ ಮನೆಯ ಅಜ್ಜಿ ಎದುರಿಗೇ ಇದ್ದಾಳೆ. ಬರದ ವರ್ಷದಿಂದ ಹಿಡಿದು ಎಲ್ಲ ಹೇಳುತ್ತಾಳೆ, ಕೇಳುವ ತಾಳ್ಮೆ ಇದ್ದರೆ.

ಆದರೆ ಪಕ್ಕದ ಮನೆಯೇ ಆಗಬೇಕು. ರಾತ್ರಿ ಬಸ್ಸಿನಲ್ಲಿ ಗದಗದಿಂದ ಹುಬ್ಬಳ್ಳಿಗೆ ಹೋಗುವಾಗ, ಅಣ್ಣಿಗೇರಿ ದಾಟಿದ ಮೇಲೆ ಎರೆಹೊಲದ ಆಚೆ ಹುಬ್ಬಳ್ಳಿಯ ಬೆಳಕು ಆಕಾಶಕ್ಕೆ ಹಬ್ಬಿರೋದು ಕಾಣುತ್ತದೆ. ಊರು ದೊಡ್ಡದು ಎಂದು ಅದರಿಂದ ಹೇಳಬಹುದು. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯಲ್ಲಿ ಮುದುಕರಷ್ಟೇ ಉಳಿದಿದ್ದಾರೆ ಎಂದು ಹೇಳಲಾಗದು. ಅದಕ್ಕೆ ಓಣಿಗೆ ಇಳಿಯಬೇಕು. ಗ್ಯಾಲಕ್ಸಿಗಳಲ್ಲಿ ಹಬಲ್ ದೂರದರ್ಶಕ ಹೀಗೆ ಓಣಿಗೆ ಇಳಿದು ಒಂದೊಂದೇ ನಕ್ಷತ್ರ ಎಣಿಸಿದ್ದು ಹೆಚ್ಚಾಗಿ ಒಂದೆರಡು ಕೋಟಿ ಜ್ಯೋತಿರ್ವರ್ಷದ ಒಳಗೆ. ಆಕಾಶದ ಲೆಕ್ಕದಲ್ಲಿ ಅದು ನಮ್ಮ ಓಣಿಯೇ.

ವಯಸ್ಸು ಹೇಗೆ ಗೊತ್ತಾಗುತ್ತೆ ಅಂತ ಹುಡುಗರು ಕೇಳುತ್ತಾರೆ. ಕಮ್ಮಾರನ ಕುಲುಮೆ ನೋಡಿದವರಿಗೆ ಅರ್ಧ ಉತ್ತರ ಗೊತ್ತು. ಕಬ್ಬಿಣ ಮೊದಲು ಕೆಂಪು, ಜಾಸ್ತಿ ಕಾದರೆ ಹಳದಿ, ಇನ್ನೂ ಕಾದರೆ ಬೆಳ್ಳಗೆ. ನಕ್ಷತ್ರ ಅದಕ್ಕೂ ಮೀರಿ ನೀಲಿಗೆ ಹೋಗುತ್ತದೆ. ನೀಲಿ ನಕ್ಷತ್ರ ಅಂದರೆ ತೂಕದ್ದು, ಬಿಸಿಯದ್ದು, ದುಂದುಗಾರ. ಇದ್ದದ್ದನ್ನೆಲ್ಲ ಒಂದು ಕೋಟಿ ವರ್ಷದ ಆಸುಪಾಸಿನಲ್ಲಿ ಸುಟ್ಟು ಮುಗಿಸುತ್ತದೆ. ಸೂರ್ಯನಂಥದ್ದು ಸಾವಿರ ಕೋಟಿ ವರ್ಷ ಬಾಳುತ್ತದೆ. ಅದಕ್ಕಿಂತ ಸಣ್ಣದು ಕೆಂಡದ ಹಾಗೆ ಸುಮ್ಮನೆ ಉರಿಯುತ್ತಾ ಇನ್ನೂ ಜಾಸ್ತಿ ಕಾಲ ಇರುತ್ತದೆ. ಹಾಗಾಗಿ ಎಲ್ಲಾದರೂ ನೀಲಿ ನಕ್ಷತ್ರ ಕಂಡರೆ ಅಲ್ಲಿ ಈಚೆಗೆ ಹೆರಿಗೆ ಆಗಿದೆ ಎಂದೇ ಅರ್ಥ. ನೀಲಿಯೇ ಇಲ್ಲದೆ ಬರೀ ಕೆಂಪು ದೈತ್ಯಗಳೇ, ಅಂದರೆ ಮುದಿಯಾಗಿ ಉಬ್ಬಿದ ನಕ್ಷತ್ರಗಳೇ ಇದ್ದರೆ ಆ ಓಣಿಯಲ್ಲಿ ತೊಟ್ಟಿಲು ತೂಗಿ ಬಹಳ ಕಾಲವಾಯಿತು.

ಹೊಳಪು ಅಳೆಯಬೇಕಾದರೆ ದೂರ ಗೊತ್ತಿರಬೇಕು, ಇಲ್ಲವಾದರೆ ಹತ್ತಿರದ ಚಿಮಣಿಯೂ ದೂರದ ಪೆಟ್ರೋಮ್ಯಾಕ್ಸೂ ಒಂದೇ ಥರ ಕಾಣುತ್ತವೆ. ಆ ಕತೆಯನ್ನು ಎಲ್ಲರೂ ಬರೆದಿದ್ದಾರೆ, ಬೇಗ ಮುಗಿಸುತ್ತೇನೆ. ಮಿಡಿಯುವ ಒಂದು ಬಗೆಯ ನಕ್ಷತ್ರಗಳಲ್ಲಿ ಮಿಡಿತ ನಿಧಾನವಾದಷ್ಟೂ ಹೊಳಪು ಜಾಸ್ತಿ ಎಂದು ಹೆನ್ರಿಯೆಟಾ ಲೆವಿಟ್ 1912ರಲ್ಲಿ ತೋರಿಸಿದರು. 1923ರಲ್ಲಿ ಎಡ್ವಿನ್ ಹಬಲ್‌ಗೆ ಅಂಥದ್ದೊಂದು ನಕ್ಷತ್ರ ಆಂಡ್ರೊಮಿಡಾದಲ್ಲಿ ಸಿಕ್ಕಿತು. ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಒಳಗಿನ ಮೋಡವಲ್ಲ, ಬೇರೆಯೇ ಗ್ಯಾಲಕ್ಸಿ ಎಂದು ಅಲ್ಲಿಗೆ ಇತ್ಯರ್ಥವಾಯಿತು.

ನನಗೆ ಇಷ್ಟವಾಗೋದು ಅದರ ಮುಂದಿನ ಕತೆ. ಅದು ಕರೆಂಟ್ ಹೋದ ಕತೆ.

ಲೋಡ್ ಶೆಡ್ಡಿಂಗ್ ಕಾಲದಲ್ಲಿ ಬೆಳೆದ ನಮ್ಮ ಕಡೆಯ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರೆಂಟ್ ಹೋದ ಕೂಡಲೇ ಎಲ್ಲರೂ ಚಾಪೆ ತೆಗೆದುಕೊಂಡು ಮಾಳಿಗೆ ಹತ್ತುತ್ತಿದ್ದೆವು. ಬೈಯುತ್ತಲೇ ಹತ್ತುತ್ತಿದ್ದೆವು. ಮೇಲೆ ಹೋದ ಮೇಲೆ ಬೈಗುಳ ನಿಲ್ಲುತ್ತಿತ್ತು, ಯಾಕೆಂದರೆ ಆಕಾಶದ ತುಂಬ ಚಿಕ್ಕಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಲಾಸ್ ಏಂಜಲೀಸ್‌ನಲ್ಲೂ ಹೀಗೇ ಆಯಿತು. ಶತ್ರುವಿನ ಭಯಕ್ಕೆ ಊರಿನ ದೀಪ ಆರಿಸಿದರು. ಊರಿನ ಮೇಲಿರುವ ಮೌಂಟ್ ವಿಲ್ಸನ್‌ನಲ್ಲಿ 100 ಇಂಚಿನ ದೂರದರ್ಶಕ ಇತ್ತು. ಅಲ್ಲಿನವರು ಎಷ್ಟೋ ಜನ ಯುದ್ಧದ ಕೆಲಸಕ್ಕೆ ಹೋಗಿದ್ದರು. ವಾಲ್ಟರ್ ಬಾಡೆ ಮಾತ್ರ ಉಳಿದರು, ಯಾಕೆಂದರೆ ಅವರು ಜರ್ಮನ್ ಪ್ರಜೆ. ಅವರನ್ನು ಯಾರು ಯುದ್ಧಕ್ಕೆ ಸೇರಿಸಿಕೊಳ್ಳುತ್ತಾರೆ? ಕತ್ತಲಾದ ಊರು, ದೊಡ್ಡ ದೂರದರ್ಶಕ, ಕೆಂಪು ಬೆಳಕು ಹಿಡಿಯುವ ಫೋಟೊ ಪ್ಲೇಟು, ಬೇಕಾದಷ್ಟು ರಾತ್ರಿ. ಅಷ್ಟರವರೆಗೆ ಆಂಡ್ರೊಮಿಡಾದ ನಡುಭಾಗ ಯಾರಿಗೂ ಬಿಡಿಬಿಡಿಯಾಗಿ ಕಂಡಿರಲಿಲ್ಲ, ಬರೀ ಹೊಗೆ. 1944ರಲ್ಲಿ ಬಾಡೆ ಅದರಲ್ಲಿ ಒಂದೊಂದೇ ನಕ್ಷತ್ರ ಬೇರೆ ಮಾಡಿದರು. ಎಲ್ಲ ಕೆಂಪು. ಸುರುಳಿ ತೋಳುಗಳಲ್ಲಿ ನೀಲಿ, ನಡುವೆ ಕೆಂಪು. ನಕ್ಷತ್ರಗಳಲ್ಲಿ ಎರಡು ಪೀಳಿಗೆ ಇವೆ, ಒಂದೇ ಗ್ಯಾಲಕ್ಸಿಯಲ್ಲಿ ಹಳಬರೂ ಹೊಸಬರೂ ಬೇರೆ ಬೇರೆ ಕಡೆ ಇದ್ದಾರೆ ಎಂದು ಮೊದಲು ಬರೆದವರು ಅವರು. ನಮ್ಮ ಊರುಗಳ ಹಾಗೇ ಅಲ್ವಾ? ನಡುವೆ ಹಳೇ ಪೇಟೆ, ಸುತ್ತ ಹೊಸ ಬಡಾವಣೆ.

ಈಗ ಅದೇ ಕೆಲಸ ಹಬಲ್ ದೂರದರ್ಶಕದ್ದು. 2015ರ ಚಿತ್ರದಲ್ಲಿ ಇದ್ದದ್ದು ಆಂಡ್ರೊಮಿಡಾದ ತಟ್ಟೆಯ ಮೂರನೇ ಒಂದು ಭಾಗ. ಅದಕ್ಕೇ 828 ಸುತ್ತು ಬೇಕಾದವು, ಹಬಲ್‌ಗೆ ಭೂಮಿಯನ್ನು ಒಂದು ಸುತ್ತು ಹಾಕಲು ಸುಮಾರು ಒಂದೂವರೆ ತಾಸು. ಆಮೇಲೆ ಉಳಿದ ಭಾಗವನ್ನೂ ತೆಗೆದು, 2025ರ ಜನವರಿಯಲ್ಲಿ ಪೂರ್ತಿ ಚಿತ್ರ ಜೋಡಿಸಿದರು. 250 ಕೋಟಿ ಪಿಕ್ಸೆಲ್, 20 ಕೋಟಿ ನಕ್ಷತ್ರ. ಹತ್ತು ವರ್ಷಕ್ಕೂ ಮೀರಿದ ಕೆಲಸ. ನಮ್ಮ ಜನಗಣತಿಯೂ ಹತ್ತು ವರ್ಷಕ್ಕೊಮ್ಮೆ ಎಂದು ನೆನಪಾಗಿ ನಗು ಬಂತು. ನಮ್ಮದು ಆ ಲೆಕ್ಕವನ್ನೂ ತಪ್ಪಿಸಿತು ಬಿಡಿ, 2021ರದ್ದು ಕೋವಿಡ್‌ನಲ್ಲಿ ಮುಂದೆ ಹೋಯಿತು.

ಆ ಗಣತಿಯಿಂದ ತಿಳಿದದ್ದು ಏನು? ಆಂಡ್ರೊಮಿಡಾದಲ್ಲಿ ಬಹುಪಾಲು ಹಳಬರೇ. ಆದರೆ ಸುಮಾರು 200ರಿಂದ 400 ಕೋಟಿ ವರ್ಷದ ಹಿಂದೆ ಒಮ್ಮೆಲೇ ಹೆರಿಗೆಯ ಸುಗ್ಗಿ ನಡೆದಿದೆ. ಒಂದು ಪ್ರದೇಶದಲ್ಲಲ್ಲ, ತಟ್ಟೆಯ ಉದ್ದಕ್ಕೂ. ಅಂದರೆ ಹೊರಗಿನಿಂದ ಏನೋ ಬಂದು ಅಲುಗಾಡಿಸಿರಬೇಕು. ಇನ್ನೊಂದು ಗ್ಯಾಲಕ್ಸಿ ಬಂದು ಡಿಕ್ಕಿ ಹೊಡೆದಿರಬಹುದು. ಪಕ್ಕದಲ್ಲೇ ಎಂ32 ಎಂಬ ಸಣ್ಣ, ಗಟ್ಟಿಯಾದ ಗ್ಯಾಲಕ್ಸಿ ಇದೆ. ಆ ಡಿಕ್ಕಿಯಲ್ಲಿ ಸುಲಿದು ಹೋದ ಹಳೆಯ ಗ್ಯಾಲಕ್ಸಿಯ ಗೊರಟ ಅದೇ ಇರಬಹುದು ಎಂದು ಕೆಲವರು ವಾದಿಸುತ್ತಾರೆ. ಎಲ್ಲರೂ ಒಪ್ಪಿಲ್ಲ. ಬಾಣಲೆ ಮಗುಚಿ ಬಿದ್ದಿದೆ, ಬೆಕ್ಕು ಮೂಲೆಯಲ್ಲಿ ಕೂತಿದೆ, ಸಾಕ್ಷಿ ಇಲ್ಲ.

ದೊಡ್ಡ ಊರಿಗಿಂತ ಹಳ್ಳಿಗಳ ಗಣತಿ ಇನ್ನೂ ಸೊಗಸು. ನಮ್ಮ ಸುತ್ತ ಸಣ್ಣ ಗ್ಯಾಲಕ್ಸಿಗಳು ಬೇಕಾದಷ್ಟಿವೆ. ಸುಮಾರು 1.3 ಕೋಟಿ ಜ್ಯೋತಿರ್ವರ್ಷದ ಒಳಗಿನ 69 ಗ್ಯಾಲಕ್ಸಿಗಳನ್ನು ಹಬಲ್‌ನಿಂದ ಒಂದೇ ಅಳತೆಗೋಲಿನಲ್ಲಿ ನೋಡುವ ಒಂದು ಸಮೀಕ್ಷೆ ನಡೆಯಿತು. ಜೂಲಿಯಾನ್ ಡಾಲ್ಕ್ಯಾಂಟನ್ ಅದರ ಮುಂದಾಳು. ಕೆಲಸ ಅರ್ಧದಲ್ಲಿದ್ದಾಗ, 2007ರ ಜನವರಿಯಲ್ಲಿ, ಹಬಲ್‌ನ ಒಳ್ಳೆಯ ಕ್ಯಾಮೆರಾ ವಿದ್ಯುತ್ ದೋಷದಿಂದ ಕೆಟ್ಟಿತು. ಹಳೆಯ ಕ್ಯಾಮೆರಾದಲ್ಲೇ ಉಳಿದದ್ದನ್ನು ಮುಗಿಸಿದರು. 2009ರಲ್ಲಿ ಗಗನಯಾತ್ರಿಗಳು ಹೋಗಿ ರಿಪೇರಿ ಮಾಡಿ ಬಂದರು. ನಡುವೆ ಪೆನ್ನು ಖಾಲಿಯಾಗಿ ಮನೆಯವರ ಹತ್ತಿರ ಪೆನ್ನು ಕೇಳಿ ಬರೆದ ನನಗೆ ಅವರ ಕಷ್ಟ ಅರ್ಥವಾಗುತ್ತದೆ.

ಸಣ್ಣ ಗ್ಯಾಲಕ್ಸಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಸರಾಸರಿಗೆ ಅರ್ಧಕ್ಕೂ ಹೆಚ್ಚು ನಕ್ಷತ್ರಗಳು 1000 ಕೋಟಿ ವರ್ಷದ ಹಿಂದೆಯೇ ಹುಟ್ಟಿ ಮುಗಿದಿವೆ. ಆದರೆ ಸರಾಸರಿಯನ್ನು ನಂಬಬೇಡಿ ಎಂದು ಗಣತಿ ಮಾಡಿದವಳಾಗಿ ಹೇಳುತ್ತೇನೆ. ಸಿಂಹ ರಾಶಿಯ ಕಡೆ ಲಿಯೋ ಎ ಎಂಬ ಒಂಟಿ ಗ್ಯಾಲಕ್ಸಿ ಇದೆ. ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ನಕ್ಷತ್ರಗಳು 800 ಕೋಟಿ ವರ್ಷದ ಈಚೆಗೆ ಹುಟ್ಟಿದವು. ವಿಶ್ವಕ್ಕೆ 1380 ಕೋಟಿ ವರ್ಷ. ಮೊದಲ 500 ಕೋಟಿ ವರ್ಷ ಅದು ಏನು ಮಾಡುತ್ತಿತ್ತು? ಬೀಜ ಇದೆ, ನೆಲ ಇದೆ, ಬಿತ್ತಿಲ್ಲ. ಇನ್ನು ಕರೀನಾ ಎಂಬ ಕುಬ್ಜ ಗ್ಯಾಲಕ್ಸಿಯಲ್ಲಿ ಮೊದಲು ಒಂದು ಬೆಳೆ, ಆಮೇಲೆ ನೂರಾರು ಕೋಟಿ ವರ್ಷ ಹೆಚ್ಚುಕಡಿಮೆ ಖಾಲಿ, ಮತ್ತೆ ಒಂದು ಬೆಳೆ. ಅದರ ನಕ್ಷತ್ರಗಳನ್ನು ಬಣ್ಣ, ಹೊಳಪಿನ ಲೆಕ್ಕದಲ್ಲಿ ಹಾಳೆಯ ಮೇಲೆ ಚುಕ್ಕಿ ಇಟ್ಟರೆ ನಡುವಿನ ಬಿಡುವು ಕಣ್ಣಿಗೆ ಹೊಡೆಯುತ್ತದೆ. ಬರ ಬಿದ್ದ ವರ್ಷಗಳು. ಆ ವರ್ಷ ಹುಟ್ಟಿದವರು ಕಡಿಮೆ ಎಂಬುದರಿಂದಲೇ ಬರ ಗೊತ್ತಾಗುತ್ತದೆ.

ಆದರೆ ಮಂಜು ಇಲ್ಲೂ ಇದೆ. ಒಂದು ಕೋಟಿ ವರ್ಷದ ನಕ್ಷತ್ರವನ್ನೂ ಹತ್ತು ಕೋಟಿ ವರ್ಷದ್ದನ್ನೂ ಬೇರೆ ಮಾಡುವುದು ಸುಲಭ, ಕೂಸಿಗೆ ಆರು ತಿಂಗಳೋ ಎರಡು ವರ್ಷವೋ ಎಂದು ಯಾರು ಬೇಕಾದರೂ ಹೇಳುವ ಹಾಗೆ. 1000 ಕೋಟಿಗೂ 1200 ಕೋಟಿಗೂ ಬಣ್ಣದಲ್ಲಿ, ಹೊಳಪಿನಲ್ಲಿ ಇರುವ ಫರಕು ಕೂದಲೆಳೆಯಷ್ಟು. ಅಲ್ಲಿ ಖಗೋಳದವರೂ ನನ್ನ ಹಾಗೆ ಬೆರಳು ಮಡಚಿ, "ಎಪ್ಪತ್ತು ಹಾಕೋಣ" ಎನ್ನುವವರೇ. ಅವರು ಅದರ ಪಕ್ಕದಲ್ಲಿ ಇಷ್ಟು ಹೆಚ್ಚುಕಡಿಮೆ ಎಂದೂ ಬರೆಯುತ್ತಾರೆ. ನನ್ನ ಫಾರಂನಲ್ಲಿ ಅದಕ್ಕೆ ಚೌಕ ಇರಲಿಲ್ಲ.

ಎಣಿಕೆಯಲ್ಲಿ ತಪ್ಪಿ ಹೋಗುವವರ ವಿಷಯ ಇನ್ನೊಂದು. ಹಳೆಯ ವಾಡೆಯಂಥ ಒಂದು ಮನೆಗೆ ಹೋಗಿದ್ದೆ. ಒಂದೇ ಬಾಗಿಲು, ಒಳಗೆ ನಾಲ್ಕು ಅಣ್ಣತಮ್ಮಂದಿರು. ಒಂದು ಕುಟುಂಬವೋ ನಾಲ್ಕೋ? ನಿಯಮ ಸರಳ: ಒಲೆ ಎಣಿಸಿ. ಒಂದೇ ಒಲೆಯ ಊಟ ಮಾಡುವವರು ಒಂದು ಕುಟುಂಬ. ಆಂಡ್ರೊಮಿಡಾದ ನಡುವೆ ಒಲೆ ಎಣಿಸುವುದೂ ಕಷ್ಟ. ನಕ್ಷತ್ರಗಳು ಎಷ್ಟು ಒತ್ತಾಗಿವೆ ಎಂದರೆ ಎರಡು ಸೇರಿ ಒಂದಾಗಿ ಕಾಣುತ್ತವೆ, ಮಂದ ಬೆಳಕಿನವು ಪಕ್ಕದವರ ಹೊಳಪಿನಲ್ಲಿ ಮುಳುಗುತ್ತವೆ. ಅದಕ್ಕೆ ಅವರು ಮಾಡುವ ಉಪಾಯ ಓದಿ ನಾನು ಎದ್ದು ಕೂತೆ. ಚಿತ್ರದಲ್ಲಿ ತಾವೇ ಸುಳ್ಳು ನಕ್ಷತ್ರಗಳನ್ನು ಕೂಡಿಸುತ್ತಾರೆ. ಎಲ್ಲಿ ಇಟ್ಟೆವು, ಎಷ್ಟು ಹೊಳಪಿನದು ಇಟ್ಟೆವು ಎಂದು ಅವರಿಗೆ ಗೊತ್ತು. ಆಮೇಲೆ ಎಣಿಸುವ ಪ್ರೋಗ್ರಾಂಗೆ ಮತ್ತೆ ಎಣಿಸಲು ಹೇಳುತ್ತಾರೆ. ನೂರು ಇಟ್ಟಲ್ಲಿ ಅರವತ್ತು ಸಿಕ್ಕರೆ, ಆ ಜಾಗದಲ್ಲಿ ನಿಜವಾದ ನಕ್ಷತ್ರಗಳೂ ಅದೇ ಪ್ರಮಾಣದಲ್ಲಿ ತಪ್ಪಿ ಹೋಗಿವೆ ಎಂದು ಲೆಕ್ಕ. ಜನಗಣತಿ ಮುಗಿದ ಮೇಲೆ ಸರಕಾರವೂ ಕೆಲವು ಕಡೆ ಮತ್ತೆ ಎಣಿಸಿ ನೋಡುತ್ತದೆ. ಆದರೆ ಇಲ್ಲದ ಮನುಷ್ಯರನ್ನು ಓಣಿಯಲ್ಲಿ ಕೂರಿಸಿ ನನ್ನನ್ನು ಪರೀಕ್ಷೆ ಮಾಡಲಿಲ್ಲ, ಪುಣ್ಯ.

ಮತ್ತೆ ಕೂಸುಗಳು. "ಮನೆಯಲ್ಲಿ ಎಷ್ಟು ಜನ?" ಎಂದರೆ ಏಳು ಎನ್ನುತ್ತಾರೆ. ಎದ್ದು ಹೊರಡುವಾಗ ಒಳಗಿನಿಂದ ಅಳು ಕೇಳಿಸುತ್ತದೆ. "ಅಯ್ಯ, ಅದನ್ನೂ ಹಿಡೀಬೇಕೇನ್ರಿ? ಹದಿನೈದು ದಿನ ಆತು ಅಷ್ಟ." ಬಾಣಂತಿ ಕೋಣೆ ನಮ್ಮಲ್ಲಿ ಹೇಗಿರುತ್ತದೆ ಗೊತ್ತಲ್ಲ. ಕಿಟಕಿ ಮುಚ್ಚಿದ್ದು, ಕತ್ತಲು, ಕೆಂಡದ ಹೊಗೆ. ಕೂಸು ಕಾಣೋದಿಲ್ಲ. ನಕ್ಷತ್ರದ ಕೂಸುಗಳೂ ಅಂಥದ್ದೇ ಕೋಣೆಯಲ್ಲಿ ಹುಟ್ಟುತ್ತವೆ. ಧೂಳು, ಅನಿಲದ ದಟ್ಟ ಮೋಡದೊಳಗೆ. ಸಾಮಾನ್ಯ ಬೆಳಕಿನಲ್ಲಿ ನೋಡಿದರೆ ಅಲ್ಲಿ ಕಪ್ಪು ಪಟ್ಟಿ ಅಷ್ಟೇ. ಕೆಂಪಿಗಿಂತ ಆಚೆಯ, ಕಣ್ಣಿಗೆ ಕಾಣದ ಬೆಳಕು ಮಾತ್ರ ಹೊರಗೆ ಬರುತ್ತದೆ. ಜೇಮ್ಸ್ ವೆಬ್ ದೂರದರ್ಶಕ ಆ ಬೆಳಕಿನಲ್ಲಿ ಹತ್ತಿರದ 19 ಸುರುಳಿ ಗ್ಯಾಲಕ್ಸಿಗಳನ್ನು ತೆಗೆದ ಚಿತ್ರಗಳು 2024ರ ಜನವರಿಯಲ್ಲಿ ಬಂದವು. ಕಪ್ಪು ಪಟ್ಟಿಗಳೆಲ್ಲ ಕೆಂಡದ ಹಾಗೆ ಉರಿಯುತ್ತಿವೆ. ಅವನ್ನು ನೋಡಿದಾಗ ನನಗೆ ಆ ಅಳು ಕೇಳಿಸಿದ ಹಾಗಾಯಿತು.

ಬೆಟಗೇರಿಯ ಅಜ್ಜಿಗೆ ವಾಪಸ್ ಬರುತ್ತೇನೆ. ಫಾರಂನಲ್ಲಿ 29 ಪ್ರಶ್ನೆ. ಹುಟ್ಟಿದ್ದೆಲ್ಲಿ, ಇಲ್ಲಿಗೆ ಬರುವ ಮೊದಲು ಎಲ್ಲಿದ್ದಿರಿ, ಬಂದು ಎಷ್ಟು ವರ್ಷವಾಯಿತು ಎಂಬುದೂ ಅದರಲ್ಲಿ ಇದ್ದವು. ಎಲ್ಲ ಮುಗಿದು ಚಹಾ ಬಂದ ಮೇಲೆ ಪ್ರಶ್ನೆ ಕೇಳುವ ಸರದಿ ಅಜ್ಜಿಯದ್ದು.

"ನಿಮ್ಮ ಅಡ್ಡಹೆಸರು ಏನ್ರಿ?"

ತವರಿನದು ಮುಳಗುಂದ ಎಂದೆ.

"ಹಂಗಾರ ನಿಮ್ಮದು ಮುಳಗುಂದ."

"ಇಲ್ಲ ಅಜ್ಜಿ, ಹಾವೇರಿ. ಅಪ್ಪ, ಅಜ್ಜ ಎಲ್ಲ ಅಲ್ಲೇ ಹುಟ್ಟಿದವರು. ಮುಳಗುಂದದಾಗ ನಮ್ಮವರು ಯಾರೂ ಇಲ್ಲ."

"ಅಲ್ಲ, ಮುಳಗುಂದನ," ಎಂದರು ಅಜ್ಜಿ, ತೀರ್ಪು ಕೊಟ್ಟ ಹಾಗೆ.

ಅಜ್ಜಿ ಹೇಳಿದ್ದೇ ಸರಿ. ನಮ್ಮ ಕಡೆ ಅಡ್ಡಹೆಸರು ಅಂದರೆ ಎಷ್ಟೋ ಸಲ ಬಿಟ್ಟು ಬಂದ ಊರು. ನವಲಗುಂದದಲ್ಲೇ ಇದ್ದವರಿಗೆ ನವಲಗುಂದ ಎಂಬ ಹೆಸರು ಯಾಕೆ ಬೇಕು? ಹುಬ್ಬಳ್ಳಿಗೆ ಬಂದ ಮೇಲೆ ಅದು ಅಂಟಿಕೊಳ್ಳುತ್ತದೆ. ಆಮೇಲೆ ಮೂರು ತಲೆಮಾರು ಕಳೆದರೂ, ಮಾತು, ಕೆಲಸ, ಮನೆ ಎಲ್ಲ ಬದಲಾದರೂ ಹೆಸರು ಬಿಡೋದಿಲ್ಲ.

ನಕ್ಷತ್ರಗಳಿಗೂ ಅಡ್ಡಹೆಸರು ಇದೆ. ಅದು ಅವುಗಳ ಮೈಯಲ್ಲಿರುವ ಧಾತುಗಳು. ನಕ್ಷತ್ರ ಯಾವ ಮೋಡದಲ್ಲಿ ಹುಟ್ಟಿತೋ ಆ ಮೋಡದ ಗುರುತು ಅದರ ಹೊರಮೈಯಲ್ಲಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಇದು ಕಬ್ಬಿಣದ್ದು, ಇದು ಮೆಗ್ನೀಸಿಯಂನದ್ದು ಎಂದು ಓದಬಹುದು. ಮೆಗ್ನೀಸಿಯಂ ಬರುವುದು ದೊಡ್ಡ ನಕ್ಷತ್ರಗಳು ಸಿಡಿದು ಸತ್ತಾಗ, ಅವು ಬೇಗ ಸಾಯುತ್ತವೆ. ಕಬ್ಬಿಣದ ಹೆಚ್ಚಿನ ಪಾಲು ಬರುವುದು ಬಿಳಿ ಕುಬ್ಜಗಳು, ಅಂದರೆ ಸೂರ್ಯನಂಥ ನಕ್ಷತ್ರಗಳು ಉರಿದು ಮುಗಿದ ಮೇಲೆ ಉಳಿಯುವ ಗೊರಟಗಳು ಸಿಡಿದಾಗ, ಅದಕ್ಕೆ ಕಾಲ ಹಿಡಿಯುತ್ತದೆ. ದೊಡ್ಡ ಗ್ಯಾಲಕ್ಸಿಯಲ್ಲಿ ಅವಸರದ ಅಡುಗೆ: ಕಬ್ಬಿಣ ಬಂದು ಸೇರುವ ಮೊದಲೇ ಮೆಗ್ನೀಸಿಯಂ ಧಾರಾಳವಾಗಿ ಬಿದ್ದಿರುತ್ತದೆ. ಸಣ್ಣ ಗ್ಯಾಲಕ್ಸಿಯಲ್ಲಿ ಎಲ್ಲ ನಿಧಾನ. ಅಲ್ಲಿ ಹುಟ್ಟಿದ ನಕ್ಷತ್ರದಲ್ಲಿ ಅಷ್ಟೇ ಕಬ್ಬಿಣಕ್ಕೆ ಮೆಗ್ನೀಸಿಯಂ ಕಡಿಮೆ. ರುಚಿ ನೋಡಿ ಯಾರ ಮನೆಯ ಸಾರು ಎಂದು ಹೇಳುವ ಹಾಗೆ.

ಹೀಗೆಯೇ 2018ರಲ್ಲಿ ಒಂದು ದೊಡ್ಡ ವಲಸೆ ಸಿಕ್ಕಿಬಿತ್ತು, ಅದೂ ನಮ್ಮದೇ ಮನೆಯೊಳಗೆ. 2013ರ ಡಿಸೆಂಬರ್‌ನಲ್ಲಿ ಹಾರಿಸಿದ ಯುರೋಪಿನ ಗಾಯಾ ನೌಕೆ ನಮ್ಮ ಆಕಾಶಗಂಗೆಯ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಜಾಗ, ಓಡಾಟ ಅಳೆಯಿತು. ಸೂರ್ಯನ ಸುತ್ತಮುತ್ತಲಿನ ಹಳೆಯ ನಕ್ಷತ್ರಗಳಲ್ಲಿ ಒಂದು ಗುಂಪಿನ ನಡಿಗೆಯೇ ಬೇರೆ ಎಂದು ಕಂಡಿತು. ನಾವೆಲ್ಲ ಗಾಣದ ಎತ್ತಿನ ಹಾಗೆ ದುಂಡಗೆ ಸುತ್ತುತ್ತಿದ್ದರೆ ಅವು ಉದ್ದುದ್ದಕ್ಕೆ ಒಳಗೆ ನುಗ್ಗಿ ಹೊರಗೆ ಬರುತ್ತವೆ. ಅಡ್ಡಹೆಸರು ನೋಡಿದರೆ ಅದೂ ಬೇರೆ, ಮೆಗ್ನೀಸಿಯಂ ಕಡಿಮೆ. ಅಮೀನಾ ಹೆಲ್ಮಿ ಮತ್ತು ಜೊತೆಯವರು ಲೆಕ್ಕ ಹಾಕಿದರು: ಸುಮಾರು 1000 ಕೋಟಿ ವರ್ಷದ ಹಿಂದೆ ಒಂದು ಇಡೀ ಗ್ಯಾಲಕ್ಸಿ ನಮ್ಮದರೊಳಗೆ ಬಿದ್ದು ಕರಗಿತು. ಅದಕ್ಕೆ ಗಾಯಾ-ಎನ್ಸೆಲಡಸ್ ಎಂದು ಹೆಸರಿಟ್ಟರು. ಅದೇ ವರ್ಷ ಇನ್ನೊಂದು ತಂಡವೂ ಅದನ್ನೇ ಕಂಡು, ಚಿತ್ರದಲ್ಲಿ ಕಂಡ ಆಕಾರಕ್ಕೆ ಸಾಸೇಜ್ ಎಂದು ಕರೆಯಿತು. ಒಂದು ಗ್ಯಾಲಕ್ಸಿ ಸತ್ತ ಜಾಗಕ್ಕೆ ಇಡುವ ಹೆಸರೇ ಅದು?

ಆಕಾಶಗಂಗೆಗೆ ಒಳಗಿನ ಮಕ್ಕಳೂ ಇದ್ದಾರೆ, ಬಂದು ಸೇರಿದವರೂ ಇದ್ದಾರೆ ಎಂದಾಯಿತು. ಈಗಲೂ ಬರುತ್ತಿದ್ದಾರೆ. 1994ರಲ್ಲಿ ಕಂಡ ಧನು ರಾಶಿಯ ಕುಬ್ಜ ಗ್ಯಾಲಕ್ಸಿ ಈ ಹೊತ್ತಿನಲ್ಲೂ ಹರಿದು ನೂಲಾಗಿ ನಮ್ಮ ಸುತ್ತ ಸುತ್ತಿಕೊಳ್ಳುತ್ತಿದೆ. ಹುಬ್ಬಳ್ಳಿಯ ರೈಲ್ವೆ ಕಾಲೊನಿಗೆ ಹೋದರೆ ಮನೆಮಾತು ತಮಿಳು, ತೆಲುಗು, ಆದರೆ ಮಾರ್ಕೆಟ್‌ನಲ್ಲಿ ಮಾತಾಡುವುದು ನಮ್ಮದೇ ಅಚ್ಚ ಹುಬ್ಬಳ್ಳಿ ಕನ್ನಡ. ಯಾವ ಕಾಲಕ್ಕೆ ಎಲ್ಲಿಂದ ಬಂದರು ಎಂದು ಮನೆಮಾತು ಹೇಳುತ್ತದೆ.

ಇದೆಲ್ಲ ದೂರದ ದೇಶದವರ ಕೆಲಸ ಅಂದುಕೊಳ್ಳಬೇಡಿ. ಹುಬ್ಬಳ್ಳಿ ಬೈಪಾಸ್‌ನಲ್ಲಿ ನಿಂತರೆ ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಪುಣೆ. ಪುಣೆಯಿಂದ ನಾಸಿಕದ ದಾರಿ ಹಿಡಿದರೆ ನಾರಾಯಣಗಾಂವ್ ಹತ್ತಿರ 45 ಮೀಟರ್ ಅಗಲದ 30 ಬುಟ್ಟಿಗಳ ರೇಡಿಯೊ ದೂರದರ್ಶಕ ಇದೆ. ಅದರಿಂದ ಹತ್ತಿರದ ಅರವತ್ತಕ್ಕೂ ಹೆಚ್ಚು ಮಂಕಾದ ಸಣ್ಣ ಗ್ಯಾಲಕ್ಸಿಗಳ ಅನಿಲವನ್ನು ಅಳೆದಿದ್ದಾರೆ. ನಕ್ಷತ್ರ ಎಣಿಸುವುದು ತಿಂದ ಊಟದ ಲೆಕ್ಕ. ಅನಿಲ ಅಳೆಯುವುದು ಹಗೇವಿನಲ್ಲಿ ಇನ್ನೆಷ್ಟು ಜೋಳ ಉಳಿದಿದೆ ಎಂದು ಇಣುಕುವುದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಮುಂದಾಗಿ ಕಟ್ಟಿದ ನೇರಳಾತೀತ ದೂರದರ್ಶಕ 2015ರ ಸೆಪ್ಟೆಂಬರ್ 28ರಂದು ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹದ ಜೊತೆ ಮೇಲೆ ಹೋಯಿತು. ನೇರಳಾತೀತದಲ್ಲಿ ಮುದುಕರು ಕಾಣೋದೇ ಕಡಿಮೆ, ಹೊಸಬರೇ ಜಾಸ್ತಿ. ಆ ಬೆಳಕಿಗೆ ಭೂಮಿಯ ಗಾಳಿ ಅಡ್ಡ, ಹಾಗಾಗಿ ಮೇಲೇ ಹೋಗಬೇಕು.

ಹೋದ ದೀಪಾವಳಿ ಅಮವಾಸ್ಯೆಯ ಎರಡು ದಿನದ ಮೇಲೆ ನಾವು ಡಂಬಳದ ಕಡೆ ಹೋಗಿದ್ದೆವು. ನನ್ನ ಹಳೆಯ ವಿದ್ಯಾರ್ಥಿಯ ಅಪ್ಪನ ಹೊಲ ಅಲ್ಲಿದೆ. ಹಗಲು ದೊಡ್ಡಬಸಪ್ಪನ ಗುಡಿ ನೋಡಿದೆವು. ಅದರ ತಳವಿನ್ಯಾಸವೇ 24 ಮೂಲೆಯ ನಕ್ಷತ್ರ. ಗೋಡೆಯ ಸುತ್ತ ಒಂದು ಸುತ್ತು ಬಂದರೆ ಬಿಸಿಲು ನೆರಳು ಮಡಿಕೆ ಮಡಿಕೆಯಾಗಿ ಬೀಳುವುದು ನೋಡುವುದೇ ಚೆಂದ. ಕತ್ತಲಾದ ಮೇಲೆ ಹೊಲಕ್ಕೆ ಬಂದೆವು. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳ ಕೆಂಪು ದೀಪಗಳು ಒಟ್ಟಿಗೇ ಹತ್ತಿ ಒಟ್ಟಿಗೇ ಆರುತ್ತಿದ್ದವು. ಅದಕ್ಕೆ ಬೆನ್ನು ಮಾಡಿ ನಿಂತೆವು. ಉತ್ತರಕ್ಕೆ ಡಬ್ಲ್ಯೂ ಅಕ್ಷರದ ಹಾಗಿರುವ ಐದು ಚಿಕ್ಕಿ ಹುಡುಕಿ, ಅದರ ಚೂಪು ತೋರಿಸುವ ಕಡೆ ಬೈನಾಕ್ಯುಲರ್ ಹಿಡಿದು, ಅತ್ತಿತ್ತ ಸರಿಸಿ, ಕೊನೆಗೆ ಆಂಡ್ರೊಮಿಡಾ ಸಿಕ್ಕಿತು. ಹುಡುಗನ ಅಪ್ಪನಿಗೆ ಕೊಟ್ಟೆ.

ಅವರು ಬಹಳ ಹೊತ್ತು ನೋಡಿದರು. ಕೈಗೆ ಹತ್ತಿ ಬಿಡಿಸಿದ ಗೀರುಗಳಿದ್ದವು.

"ಹತ್ತಿ ಎಳಿ ಗಾಳಿಗೆ ಹಾರಿ ಸಿಕ್ಕೊಂಡಂಗ ಐತ್ರಿ ಅಕ್ಕೋರ."

"ಹೌದ್ರಿ. ಅದರಾಗ ಲಕ್ಷ ಕೋಟಿ ಚಿಕ್ಕಿ ಇರಬಹುದು ಅಂತಾರ."

"ಎಣಿಸ್ಯಾರೇನ್ರಿ?"

"ಎಣಸಾಕತ್ತಾರ. ಇಪ್ಪತ್ತು ಕೋಟಿ ಆಗೈತಿ."

"ಹೋಗ್ಲಿ ಬಿಡ್ರಿ, ಶುರು ಅರ ಆಗೈತಲ್ಲ," ಎಂದು ಮತ್ತೆ ಕಣ್ಣಿಗೆ ಹಚ್ಚಿಕೊಂಡರು. ನನ್ನ ಸರದಿ ಬರಲು ಇನ್ನೂ ಹತ್ತು ನಿಮಿಷ ಬೇಕಾಯಿತು.